ಗೋಣಿ ತೋಳು ಹಾಕಿಕೊಂಡ ವರ್ಷಗಳು

ನನ್ನ ಕೆಲಸ ಕಳ್ಳನಾಗುವುದು. ಕಾವಲು ನಾಯಿಗೆ ಕಳ್ಳನನ್ನು ಹಿಡಿಯಲು ಕಲಿಸಬೇಕಾದರೆ ಒಬ್ಬ ಕಳ್ಳ ಬೇಕಲ್ಲ, ಅವನು ನಾನು. ಗೋಣಿ ಹೊಲಿದು ಮಾಡಿದ ದಪ್ಪ ತೋಳನ್ನು ಎಡಗೈಗೆ ಹಾಕಿಕೊಂಡು ಓಡಬೇಕು, ನಾಯಿ ಬಂದು ಕಚ್ಚಿದಾಗ ಬೀಳಬೇಕು, ಮಣ್ಣು ಕೊಡವಿಕೊಂಡು ಎದ್ದು ಮತ್ತೆ ಓಡಬೇಕು. ಶ್ರೀನಿವಾಸಪುರದ ಆಚೆ ಒಂದು ಮಾವಿನ ತೋಪಿನಲ್ಲಿದ್ದ ನಾಯಿ ಫಾರಂಗೆ ಈ ಕೆಲಸಕ್ಕೆಂದು ಸೇರಿದಾಗ ನನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಫಾರಂ ಬಿಡುವ ಹೊತ್ತಿಗೆ ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಳು.

ಈಗ ಮಾಲೂರಿನ ಹೊರಗೆ ಶ್ವೇತಾ ಎಂಬ ಹೆಣ್ಣುಮಗಳು ನಾಯಿಗಳಿಗೆ ತರಬೇತಿ ಕೊಡುವ ಮೈದಾನ ನಡೆಸುತ್ತಾಳೆ. ನಾನೂ ಅಲ್ಲಿಗೆ ಹೋಗಿ ಬಂದು ಮಾಡುತ್ತೇನೆ. ಅಲ್ಲಿ ವರ್ಷಕ್ಕೊಮ್ಮೆ ಜರ್ಮನ್ ಶೆಫರ್ಡ್ ದಿನ ಮಾಡುತ್ತಾರೆ. ಕೋಲಾರ, ಮಾಸ್ತಿ, ಮುಳಬಾಗಿಲು ಕಡೆಯಿಂದೆಲ್ಲ ಜನ ತಮ್ಮ ನಾಯಿಗಳನ್ನು ತೊಳೆದು, ಬಾಚಿ, ಕರೆದುಕೊಂಡು ಬರುತ್ತಾರೆ. ಕಾರಿನಲ್ಲಿ ಬರುವವರಿದ್ದಾರೆ. ಟೊಮೆಟೊ ಕ್ರೇಟು ಇಳಿಸಿ ಬಂದ ಟೆಂಪೊದಲ್ಲೇ ನಾಯಿಯನ್ನು ನಿಲ್ಲಿಸಿಕೊಂಡು ಬರುವವರೂ ಇದ್ದಾರೆ. ಅಷ್ಟೊಂದು ಶೆಫರ್ಡ್‌ಗಳು ಕಿವಿ ನಿಮಿರಿಸಿಕೊಂಡು ಸಾಲಾಗಿ ಕೂತದ್ದನ್ನು ಕಂಡರೆ ಈ ವಯಸ್ಸಿನಲ್ಲೂ ನನ್ನ ಎದೆ ಉಬ್ಬುತ್ತದೆ. ಕಾಡಿಗೆ ಬಳಿದಂಥ ಬೆನ್ನು, ಕಾಯಿಸಿದ ಬೆಲ್ಲದ ಬಣ್ಣದ ಕಾಲು. ನಮ್ಮನ್ನು ನೋಡುವಾಗ ಅವುಗಳ ಕಣ್ಣಲ್ಲಿ ಒಂದೇ ಪ್ರಶ್ನೆ: ಮುಂದೇನು ಕೆಲಸ ಹೇಳು.

ಹೋದ ತಿಂಗಳು ಶ್ವೇತಾ ಬಂದು, "ತಾತ, ಹೊಸಬರು ಬರ್ತಿದ್ದಾರೆ. ಕೆಲಸ ಅಂದ್ರೆ ಬರೀ ವಿಡಿಯೊ ಅಂದ್ಕೊಂಡಿದ್ದಾರೆ. ನೀವು ಕಂಡಿದ್ದು ಬರ್ದುಕೊಡಿ" ಅಂದಳು.

"ನಾನು ಐದನೇ ಕ್ಲಾಸು ಕಣಮ್ಮ."

"ಮಾತಾಡ್ದಂಗೆ ಬರೀರಿ. ಅಕ್ಷರ ನಾನ್ ತಿದ್ತೀನಿ."

ಹಾಗೇ ಬರೆದೆ. ಅಕ್ಷರ ಅವಳು ತಿದ್ದುತ್ತಾಳೆ. ಉಳಿದದ್ದನ್ನು ಮುಟ್ಟಬೇಡ ಎಂದು ನಾನೇ ಹೇಳಿದ್ದೇನೆ.

ನನ್ನನ್ನು ಈ ಕೆಲಸಕ್ಕೆ ಕರೆದುಕೊಂಡು ಹೋದವನು ನನ್ನಣ್ಣ ಯಲ್ಲಪ್ಪ. ಫಾರಂನಲ್ಲಿ ನಾಯಿಗಳಿಗೆ ಕಲಿಸುತ್ತಿದ್ದವನು ಅವನೇ. ನಮ್ಮಪ್ಪ ಬೇಗ ತೀರಿಕೊಂಡದ್ದರಿಂದ ನನಗೆ ಮೂಗು ಒರೆಸಿದವನೂ ಅವನೇ, ಬೆನ್ನಿಗೆ ಬಾರಿಸಿದವನೂ ಅವನೇ. ಫಾರಂ ಯಜಮಾನರನ್ನು ಎಲ್ಲರೂ ರೆಡ್ಡಿಗಾರು ಅನ್ನುತ್ತಿದ್ದೆವು. ತೋಪಿನ ತುಂಬ ಮಾವು, ಮನೆ ತುಂಬ ನಾಯಿ, ಬಾಯಿ ತುಂಬ ತೆಲುಗು. ಮೊದಲ ದಿನ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಣ್ಣನನ್ನು ಕೇಳಿದರು: "ಏಮಿರಾ ಯಲ್ಲಪ್ಪಾ, ಈ ಕಡ್ಡೀನ ನಾಯಿ ಕಚ್ಚಿದ್ರೆ ಮುರಿದೇ ಹೋಗ್ತಾನಲ್ಲೋ?"

"ಕಡ್ಡಿ ಇರ್ಬೋದು ಸ್ವಾಮಿ. ಆದ್ರೆ ನನ್ ತಮ್ಮ ಹೆದ್ರೋನಲ್ಲ" ಅಂದ ಅಣ್ಣ.

ಆ ಮಾತು ಕೇಳಿ ನಾನು ಒಂದು ಗೇಣು ಎತ್ತರ ಆದೆ. ಆಮೇಲೆ ಎಷ್ಟೋ ವರ್ಷ ಆ ಮಾತಿನ ಕೆಳಗೇ ಬದುಕಿದೆ.

ನಮ್ಮ ಗೋಣಿ ತೋಳುಗಳನ್ನು ಹೊಲಿಯುತ್ತಿದ್ದವರು ಮುಳಬಾಗಿಲಿನ ರಹಮತ್ ಭಾಯ್. ಎತ್ತಿನ ಗಾಡಿಯ ಸಾಮಾನು, ಗೋಣಿ ಚೀಲ, ಹಾಸುವ ಗೋಣಿತಾಟು ಎಲ್ಲ ಹೊಲಿಯುವ ಕೈ ಅವರದು. ಒಳಗೆ ತೆಂಗಿನ ನಾರು, ಮೇಲೆ ಗೋಣಿಯ ಮೇಲೆ ಗೋಣಿ, ಅಂಚಿಗೆ ಚರ್ಮ. ಹರಿದ ತೋಳು ತೆಗೆದುಕೊಂಡು ಹೋದಾಗಲೆಲ್ಲ ಅವರು ಮೊದಲು ತೋಳಿನೊಳಗೆ ಇಣುಕಿ ನೋಡಿ, "ಕ್ಯಾ ಗೋವಿಂದ್, ಹಾತ್ ಹೈ ಕೀ ನೈ? ಖಾಲಿ ತೋಳ್ ತಂದಿದೀಯಾ, ಕೈ ನಾಯಿಗೇ ಕೊಟ್ಟು ಬಂದ್ಯಾ?" ಅನ್ನುತ್ತಿದ್ದರು. ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ.

ಮದುವೆಗೆ ಹೆಣ್ಣು ಗೊತ್ತು ಮಾಡುವಾಗಿನ ಫಜೀತಿಯೂ ಇದೆ. ಹೆಣ್ಣಿನ ಕಡೆಯವರು ನಮ್ಮೂರಿಗೆ ವಿಚಾರಿಸಲು ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ, "ಯಾವ ಗೋವಿಂದ? ಕಳ್ಳ ಗೋವಿಂದನಾ?" ಅಂದುಬಿಟ್ಟಿದ್ದ. ನಮ್ಮ ಮಾವ ಅಲ್ಲಿಂದಲೇ ತಿರುಗಿ ಹೊರಟಿದ್ದರು. ಅಣ್ಣ ಸೈಕಲ್ಲಿನಲ್ಲಿ ಹಿಂದೆ ಹೋಗಿ, ಅವರನ್ನು ಫಾರಂಗೆ ಕರೆದುಕೊಂಡು ಬಂದು, ನಾನು ನಾಯಿ ಕೈಲಿ ಕಚ್ಚಿಸಿಕೊಳ್ಳುವುದನ್ನು ತೋರಿಸಿದ. ಮಾವ ಬಹಳ ಹೊತ್ತು ನೋಡಿ, "ಕಳ್ಳನೇ ಆಗಿದ್ರೆ ವಾಸಿಯಾಗಿತ್ತು" ಅಂದರಂತೆ. ಆದರೂ ಹೆಣ್ಣು ಕೊಟ್ಟರು.

ಅಣ್ಣನ ಕೆಲಸವನ್ನು ನೀವು ನೋಡಬೇಕಿತ್ತು. ಬೇರೆ ಕಡೆ ಆಗ ನಾಯಿಯನ್ನು ಹಸಿವಿನಲ್ಲಿ ಕೂಡಿ ಹಾಕಿ, ಬೆತ್ತದಲ್ಲಿ ಬಡಿದು ಕೆರಳಿಸುತ್ತಿದ್ದರು. ಅಣ್ಣ ಬೆತ್ತ ಮುಟ್ಟಿದವನಲ್ಲ. ಬಿಸಿಲು ಏರುವ ಮುಂಚೆ ಕೆಲಸ ಮುಗಿಸುತ್ತಿದ್ದ. ಚಳಿ ದೇಶದ ರೋಮ ಹೊತ್ತ ಪ್ರಾಣಿ, ನಮ್ಮ ಬಯಲಿನ ಬಿಸಿಲಿಗೆ ಬೇಯುತ್ತದೆ ಎಂದು ಒದ್ದೆ ಗೋಣಿತಾಟು ಹಾಸಿ ಅದರ ಮೇಲೆ ಮಲಗಿಸುತ್ತಿದ್ದ. ಒಂದು ನಾಯಿ ಒಂದು ಪಾಠ ತಪ್ಪಿದರೆ, "ನಾನ್ ಸರ್ಯಾಗ್ ಹೇಳ್ಲಿಲ್ಲ" ಎಂದು ತನ್ನ ತಲೆಯನ್ನೇ ಮೊಟಕಿಕೊಳ್ಳುತ್ತಿದ್ದ. ಈ ಸ್ವಭಾವವೇ ಮುಂದೆ ಅವನಿಗೆ ಮುಳುವಾಯಿತು.

ಅವನ ನಾಯಿಗಳಲ್ಲೆಲ್ಲ ರಾಣಿ ಎಂಬ ಹೆಣ್ಣು ನಾಯಿಯನ್ನು ನಾನು ಮರೆಯಲಾರೆ. ಒಂದು ದಿನ ಆಂಧ್ರದ ಕಡೆಯಿಂದ ಬಂದ ಕುರಿಮಂದೆ ತೋಪಿನ ಪಕ್ಕದ ಬೀಳಿನಲ್ಲಿ ಮೇಯುತ್ತಾ ರೆಡ್ಡಿಗಾರು ಬೆಳೆದಿದ್ದ ಕಡಲೆಕಾಯಿ ಹೊಲದತ್ತ ತಿರುಗಿತು. ಕುರಿಯವನು ದೂರದಲ್ಲಿದ್ದ. ನಾವು ಕೂಗುವಷ್ಟರಲ್ಲಿ ರಾಣಿ ಹೋಗಿಯಾಗಿತ್ತು. ಕುರಿಗಳನ್ನು ಹರಿದುಹಾಕುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಆದರೆ ಅದು ಒಂದು ಕುರಿಯನ್ನೂ ಮುಟ್ಟಲಿಲ್ಲ. ಹೊಲದ ಅಂಚಿನಲ್ಲಿ, ಬೆಳೆಗೂ ಬೀಳಿಗೂ ನಡುವೆ, ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡತೊಡಗಿತು. ಮುಂದೆ ಬಂದ ಕುರಿಯತ್ತ ಬರೀ ನೋಡುವುದು, ಕುರಿ ಹಿಂದಕ್ಕೆ ಸರಿಯುವುದು. ಬೇಲಿಯೇ ಎದ್ದು ನಡೆದಾಡಿದ ಹಾಗಿತ್ತು.

ಕುರಿಯವನು ಓಡಿ ಬಂದವನು ಬೈಯುವುದನ್ನು ಮರೆತು ನಿಂತ. "ಅಯ್ಯಾ, ಈ ಕುಕ್ಕನಿ ನಾಕಿಚ್ಚೇಯಿ. ರೆಂಡು ಗೊರ್ರೆಲು ಇಸ್ತಾನು" ಅಂದ. ಈ ನಾಯಿ ನನಗೆ ಕೊಡು, ಎರಡು ಕುರಿ ಕೊಡುತ್ತೇನೆ ಎಂದು.

ಅಣ್ಣನ ಕಣ್ಣಲ್ಲಿ ನೀರಿತ್ತು. "ನೋಡ್ದೇನೋ ಗೋವಿಂದ? ಇದು ನಾನ್ ಕಲ್ಸಿದ್ದಲ್ಲ. ಇದ್ರ ಮುತ್ತಾತ ಯಾವ್ದೋ ದೇಶದಲ್ಲಿ ಕುರಿ ಕಾಯ್ತಿದ್ದನಂತೆ, ಅದು ರಕ್ತದಲ್ಲೇ ಬಂದೈತೆ. ನಾವ್ ಇದಕ್ಕೆ ಕಚ್ಚೋದೊಂದ್ ಕಲ್ಸಿದೀವಿ, ಅಷ್ಟೇ" ಅಂದ.

ರಾಣಿ ಹಾಕಿದ ಮರಿಗಳಲ್ಲಿ ಒಂದನ್ನು ಅಣ್ಣ ತನಗೆಂದೇ ಇಟ್ಟುಕೊಂಡ. ಭೀಮ ಎಂದು ಹೆಸರಿಟ್ಟ. ತನಗೆ ಗೊತ್ತಿದ್ದುದನ್ನೆಲ್ಲ ಅದಕ್ಕೆ ಧಾರೆ ಎರೆಯುವುದೆಂದು ನಿಶ್ಚಯ ಮಾಡಿದ.

ಭೀಮ ಬೆಳೆದು ಪಾಠ ಶುರುವಾಗುವ ಹೊತ್ತಿಗೆ ನನಗೆ ಒಂದು ಕಡಿತ ಆಯಿತು. ಸುಲ್ತಾನ ಎಂಬ ಬೇರೆ ನಾಯಿ. ನನ್ನ ತೋಳಿನ ಹೊಲಿಗೆ ಬಿಚ್ಚಿತ್ತು, ಮುಳಬಾಗಿಲಿಗೆ ಹೋಗಿ ಹೊಲಿಸಿಕೊಂಡು ಬರಲು ಸೋಮಾರಿತನ ಮಾಡಿದ್ದೆ. ಹಲ್ಲು ಹೊಲಿಗೆಯ ಸಂದಿಯಲ್ಲೇ ಇಳಿಯಿತು. ನಾಯಿಯದೇನೂ ತಪ್ಪಿಲ್ಲ. ಹೊಸಬರಿಗೆ ನಾನು ಹೇಳುವುದಿಷ್ಟು: ತೋಳನ್ನು ದಿನಾ ಒಳಗೆ ಕೈ ಹಾಕಿ ತಡವಿ ನೋಡಿ. ನನ್ನ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಗಾಯ ಮಾಯಿತು. ಆದರೆ ಕೆಲಸಕ್ಕೆ ಮರಳಿದ ದಿನ ನಾಯಿಮನೆಯಲ್ಲಿ ಸರಪಳಿ ಸದ್ದು ಮಾಡಿದ್ದೇ ನಾನು ಮಾವಿನ ಮರದ ಮರೆಗೆ ಸರಿದುಬಿಟ್ಟೆ. ಅಣ್ಣನಿಗೆ ಹೇಳಬೇಕಿತ್ತು. ಆದರೆ ತಮ್ಮ ಹೆದರುವವನಲ್ಲ ಎಂದು ಅವನು ರೆಡ್ಡಿಗಾರಿಗೆ ಹೇಳಿದ್ದ, ಊರಿಗೆಲ್ಲ ಹೇಳಿದ್ದ, ನನ್ನ ಮಾವನಿಗೂ ಹೇಳಿದ್ದ. ನಾನು ಹೇಳಲಿಲ್ಲ.

ಬದಲಿಗೆ ಒಂದು ಉಪಾಯ ಹುಡುಕಿಕೊಂಡೆ. ನಮ್ಮ ಕೆಲಸದಲ್ಲಿ ಆಗ ಒಂದು ಕಟ್ಟುನಿಟ್ಟು ಇತ್ತು. ಕಳ್ಳನ ವೇಷದವನು ನಾಯಿಮನೆಯ ಕಡೆ ಹೋಗಬಾರದು, ಅನ್ನ ಹಾಕಬಾರದು, ಮೈ ಸವರಬಾರದು. "ನಾಯಿಗೆ ಕಳ್ಳ ಯಾವತ್ತೂ ಹೊಸಬನೇ ಆಗಿರ್ಬೇಕು ಕಣೋ" ಎಂದು ಅಣ್ಣ ಹೇಳುತ್ತಿದ್ದ. ನಾನು ಮಧ್ಯಾಹ್ನ ಅಣ್ಣ ಉಂಡು ಮರದ ಕೆಳಗೆ ಅಡ್ಡಾದಾಗ ಭೀಮನ ಬಳಿ ಹೋಗತೊಡಗಿದೆ. ನನ್ನ ಪಾಲಿನ ಮುದ್ದೆಯಲ್ಲಿ ಒಂದು ಚೂರನ್ನು ಸಾರಿನಲ್ಲಿ ಅದ್ದಿ ಕೊಡುತ್ತಿದ್ದೆ. ಕತ್ತು ಕೆರೆಯುತ್ತಿದ್ದೆ. ಕೆಲವೇ ದಿನಗಳಲ್ಲಿ ಅದು ನನ್ನ ಹೆಜ್ಜೆ ಸದ್ದಿಗೇ ಬಾಲ ಆಡಿಸತೊಡಗಿತು.

ನಾನು ಎಣಿಸಿದಂತೆಯೇ ಆಯಿತು. ಮೈದಾನದಲ್ಲಿ ಭೀಮ ಬಾಣದ ಹಾಗೆ ಬರುತ್ತಿತ್ತು, ತೋಳನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು, ಆದರೆ ದವಡೆ ಬಿಗಿಯುತ್ತಿರಲಿಲ್ಲ. ಮರಿಯನ್ನು ಎತ್ತಿಕೊಂಡ ಹಾಗೆ ಹಿಡಿಯುತ್ತಿತ್ತು. ಅದು ಮೆಲ್ಲಗೆ ಹಿಡಿದಷ್ಟೂ ನಾನು ಜೋರಾಗಿ ಕಿರುಚುತ್ತಿದ್ದೆ, ಉರುಳಾಡುತ್ತಿದ್ದೆ. ಅದಕ್ಕೆ ಇನ್ನೂ ಖುಷಿ. ದೂರದಿಂದ ನೋಡುವವರಿಗೆ ಘೋರ ಕಾದಾಟ. ಅಣ್ಣ ಹಿಗ್ಗಿ ಹೋಗಿದ್ದ. "ತೋಳಲ್ಲಿ ಒಂದ್ ನೂಲು ಕಿತ್ತಿಲ್ಲ ನೋಡ್ರಿ ಸ್ವಾಮಿ! ಎಷ್ಟ್ ಬೇಕೋ ಅಷ್ಟೇ ಹಿಡೀತದೆ. ಇಂಥ ಹದ ನಾನ್ ಕಂಡೇ ಇಲ್ಲ" ಎಂದು ರೆಡ್ಡಿಗಾರಿಗೆ ಹೇಳುತ್ತಿದ್ದ. ನಾನು ಅಲ್ಲೇ ನಿಂತು ಮಣ್ಣು ಕೊಡವಿಕೊಳ್ಳುತ್ತಿದ್ದೆ.

ಮಾವಿನ ಸುಗ್ಗಿ ಬಂತು. ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ತೋಪಿನ ಹಿಂಬದಿಗೆ ಟೆಂಪೊ ನಿಲ್ಲಿಸಿಕೊಂಡು ಮೂವರು ಕಾಯಿ ಕೀಳುತ್ತಿದ್ದರು. ಅಣ್ಣ ಭೀಮನನ್ನು ಕರೆದುಕೊಂಡು ಹೋದ. ನಾನು ದೊಣ್ಣೆ ಹಿಡಿದು ಹಿಂದೆ ಓಡಿದೆ. ಅಣ್ಣ "ಹಿಡಿ" ಅಂದ. ಭೀಮ ಹೋಯಿತು. ಒಬ್ಬನ ಕೈ ಹಿಡಿಯಿತು.

ನಾನು ಮರಗಳ ನಡುವಿನಿಂದ ನೋಡಿದೆ. ಅದು ನನ್ನನ್ನು ಹಿಡಿಯುತ್ತಿದ್ದ ಹಾಗೆಯೇ ಅವನನ್ನು ಹಿಡಿದಿತ್ತು. ಬಾಲ ಆಡುತ್ತಿತ್ತು. ಆ ಮನುಷ್ಯ ಮೊದಲು ಅರಚಿದ. ಆಮೇಲೆ ನೋವಾಗಲಿಲ್ಲ ಎಂದು ಅವನಿಗೆ ತಿಳಿಯಿತು. ಕೈ ಬಿಡಿಸಿಕೊಂಡು, ಕಾಯಿ ಕೀಳುವ ದೋಟಿಯನ್ನು ಎತ್ತಿ ನಾಯಿಯ ತಲೆಗೆ ಬೀಸಿದ. ಅಣ್ಣ ನಡುವೆ ಬಿದ್ದ. ಏಟು ಅವನ ಮೊಣಕಾಲಿಗೆ ಬಿತ್ತು, ಅದರ ಮೇಲೆ ಇನ್ನೊಂದು, ಮತ್ತೊಂದು. ನಾನು ಮುಟ್ಟುವಷ್ಟರಲ್ಲಿ ಟೆಂಪೊ ಹೊರಟಿತ್ತು.

ಅಣ್ಣ ಕಾಲು ಹಿಡಿದುಕೊಂಡು ನೆಲದಲ್ಲಿ ಹೊರಳುತ್ತಿದ್ದ. ಭೀಮ ಅವನ ಮುಖ ನೆಕ್ಕಿತು. ಆಮೇಲೆ ನನ್ನ ಬಳಿ ಬಂದು, ಮುದ್ದೆ ತಂದಿದ್ದೇನೆಯೋ ಎಂದು ನನ್ನ ಕೈ ಮೂಸಿ ನೋಡಿತು. ಅಣ್ಣ ಅದನ್ನು ಕಾಣಲಿಲ್ಲ.

ಆಸ್ಪತ್ರೆಗೆ ಬಂದ ರೆಡ್ಡಿಗಾರು, "ಈ ಕುಕ್ಕ ದೇನಿಕೀ ಪನಿಕಿ ರಾದು ಯಲ್ಲಪ್ಪಾ. ಯಾವ ಕೆಲಸಕ್ಕೂ ಬರಲ್ಲ, ಎಲ್ಲಾದ್ರೂ ಬಿಟ್ಬಿಡು" ಅಂದರು.

"ನಾಯಿನ ಅನ್ಬೇಡಿ ಸ್ವಾಮಿ. ಕಲ್ಸಿದ್ದು ನಾನು. ನಂಗೇ ಕೆಲ್ಸ ಬರಲ್ಲ, ಇಷ್ಟು ದಿನ ಗೊತ್ತಾಗಿರ್ಲಿಲ್ಲ" ಅಂದ ಅಣ್ಣ.

ಆಗ ಹೇಳಬಹುದಿತ್ತು. ಮಂಚದ ಪಕ್ಕದಲ್ಲೇ ನಿಂತಿದ್ದೆ. ಎಳನೀರಿನ ಲೋಟ ಕೈಯಲ್ಲಿತ್ತು. ಹೇಳಲಿಲ್ಲ.

ಅಣ್ಣನ ಕಾಲು ಕೂಡಿಕೊಂಡರೂ ಕುಂಟು ಉಳಿಯಿತು. ಅವನು ಫಾರಂಗೆ ಮತ್ತೆ ಬರಲಿಲ್ಲ. ಭೀಮನನ್ನು ಕರೆದುಕೊಂಡು ಕೋಲಾರಕ್ಕೆ ಹೋಗಿ, ಟೊಮೆಟೊ ಮಾರ್ಕೆಟ್ಟಿನ ಒಂದು ಮಂಡಿಯಲ್ಲಿ ಕಾವಲಿಗೆ ಕೂತ. ಭೀಮ ಮುದಿಯಾಗಿ ಅವನ ಕಾಲ ಬುಡದಲ್ಲೇ ಸತ್ತಿತು. ಆಮೇಲೆ ಅಣ್ಣ ನಾಯಿ ಸಾಕಲಿಲ್ಲ. ಪರಿಚಯದವರು ಯಾರಾದರೂ, "ಯಲ್ಲಣ್ಣ, ನಮ್ ನಾಯಿ ಮಾತೇ ಕೇಳಲ್ಲ, ಏನ್ ಮಾಡೋದು?" ಎಂದರೆ, "ನಂಗೆ ಗೊತ್ತಿಲ್ಲಪ್ಪ" ಎಂದು ಮುಖ ತಿರುಗಿಸುತ್ತಿದ್ದ. ನಾಯಿಯ ಕಿವಿ ನೋಡಿ ಅದರ ಮನಸ್ಸು ಹೇಳುತ್ತಿದ್ದ ಮನುಷ್ಯ, ನನಗೆ ಗೊತ್ತಿಲ್ಲ ಅನ್ನುತ್ತಿದ್ದ.

ಅವನ ಜಾಗಕ್ಕೆ ರೆಡ್ಡಿಗಾರು ನನ್ನನ್ನು ಹಾಕಿದರು. ಅಣ್ಣ ಮಾಡುತ್ತಿದ್ದುದನ್ನು ಬಿಟ್ಟು ನಾನು ಹೊಸದೇನೂ ಮಾಡಲಿಲ್ಲ. ನಾಯಿಗಳು ಚೆನ್ನಾಗಿ ತಯಾರಾದವು. ಗೋವಿಂದಣ್ಣನ ಕೈಯೇ ಕೈ ಎಂದು ಜನ ಅಂದರು. ಕೇಳಿದಾಗಲೆಲ್ಲ ಆ ಮಡಚದ ಎರಡು ಬೆರಳು ನೋಡಿಕೊಳ್ಳುತ್ತಿದ್ದೆ.

ಕಾಲ ಕಳೆದಂತೆ ಕೆಲಸದ ರೀತಿಯೂ ಬದಲಾಯಿತು. ಗೋಣಿ ತೋಳು ಹೋಗಿ ಕಂಪನಿ ತೋಳು ಬಂತು, ಮೈಗೆಲ್ಲ ಹಾಕುವ ದಪ್ಪ ಅಂಗಿಯೂ ಬಂತು. ಈಗ ಕಳ್ಳನ ವೇಷದವನೂ ನಾಯಿಯೊಂದಿಗೆ ಆಟವಾಡುತ್ತಾನೆ, ನಾಯಿ ಆಟವೆಂದೇ ಹಿಡಿಯಲು ಕಲಿಯುತ್ತದೆ. ಮೊದಲು ನನಗೆ ಇದು ತಮಾಷೆ ಅನ್ನಿಸಿತ್ತು. ಶ್ವೇತಾಳ ನಾಯಿಗಳನ್ನು ನೋಡಿದ ಮೇಲೆ ಒಪ್ಪಿಕೊಂಡೆ. ಅವು ಹೆದರಿ ಕಚ್ಚುವುದಿಲ್ಲ, ನಂಬಿ ಕಚ್ಚುತ್ತವೆ, ಬಿಡು ಎಂದ ಕೂಡಲೇ ಬಿಡುತ್ತವೆ. ಆದರೆ ಅಲ್ಲಿ ಕಲಿಸುವವನು ಗೊತ್ತಿದ್ದೇ ಆಟ ಆಡಿಸುತ್ತಾನೆ. ಹೊಸ ಹೊಸ ಕಳ್ಳರನ್ನು ಕರೆಸಿ ಪರೀಕ್ಷೆ ಮಾಡುತ್ತಾನೆ. ನಾನು ಮಾಡಿದ್ದು ಕಲಿಸುವವನ ಬೆನ್ನ ಹಿಂದೆ.

ಈ ಸಲದ ಜರ್ಮನ್ ಶೆಫರ್ಡ್ ದಿನಕ್ಕೆ ಶ್ವೇತಾ ನನಗೆ ಶಾಲು ಹೊದಿಸುವುದೆಂದು ಗೊತ್ತು ಮಾಡಿದಳು. ಆ ಶಾಲು ಅಣ್ಣನಿಗೆ ಸೇರಬೇಕಾದದ್ದು. ಹಿಂದಿನ ದಿನ ಬಸ್ಸು ಹತ್ತಿ ಕೋಲಾರಕ್ಕೆ ಅಣ್ಣನ ಮನೆಗೆ ಹೋದೆ. ಅವನು ಬಾಗಿಲಲ್ಲಿ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದ. ಅತ್ತಿಗೆ ಒಳಗಿದ್ದರು. ನಾಳೆ ಮಾಲೂರಿನಲ್ಲಿ ಶಾಲು ಹೊದಿಸುವುದರಿಂದ ಹಿಡಿದು ಭೀಮನಿಗೆ ಕದ್ದು ತಿನ್ನಿಸಿದ್ದರವರೆಗೆ ನಾನು ನಿಂತೇ ಎಲ್ಲ ಹೇಳಿದೆ.

ಅಣ್ಣ ಕೈ ನಿಲ್ಲಿಸಲಿಲ್ಲ. "ಏನ್ ಹಾಕ್ತಿದ್ದೆ?"

"ಮುದ್ದೆ. ಸಾರಲ್ಲಿ ಅದ್ದಿ."

"ದಿನಾನಾ?"

"ದಿನಾ ಅಣ್ಣ."

"ಬಾಲ ಆಡ್ಸೋದು ನಾನ್ ನೋಡಿದ್ದೆ. ಕೆಲ್ಸದ ಖುಷಿ ಅಂದ್ಕೊಂಡೆ." ಇನ್ನೊಂದು ಕಾಯಿ ಸುಲಿದು ಕೇಳಿದ: "ಯಾಕ್ಲಾ ಮಾಡ್ದೆ?"

"ಹೆದ್ರಿಕೆ ಅಣ್ಣ. ಸುಲ್ತಾನ ಕಚ್ಚಿದ್ಮೇಲೆ ಸರಪಳಿ ಸದ್ದಿಗೇ ಜೀವ ಹೋಗ್ತಿತ್ತು."

"ನಂಗೆ ಹೇಳಕ್ಕೇನಾಗಿತ್ತು?"

"ನನ್ ತಮ್ಮ ಹೆದ್ರೋನಲ್ಲ ಅಂತ ನೀನು ಎಲ್ರಿಗೂ ಹೇಳ್ಕೊಂಡ್ ಬಂದಿದ್ದೆ."

ಅವನ ಕೈ ಆಗ ನಿಂತಿತು. "ಕಾಲ್ ಹೋಯ್ತು, ಹೋಗ್ಲಿ. ಅದನ್ ನಾನ್ ಕೇಳಲ್ಲ. ನನ್ ಕೈಲಿ ವಿದ್ಯೆ ಇಲ್ಲ ಅಂದ್ಕೊಂಡು ಕೂತಿದ್ನಲ್ಲೋ ಇಷ್ಟು ವರ್ಷ. ಬೀದಿ ನಾಯಿಗೂ ಹಚಾ ಅನ್ನಕ್ಕೆ ನಾಚಿಕೆ ಆಗ್ತಿತ್ತು. ನೀನ್ ನೋಡ್ಕೊಂಡೇ ಇದ್ಯಲ್ಲೋ!"

ಅತ್ತಿಗೆ ಹೊರಗೆ ಬಂದು, "ಬಂದವ್ನು ಊಟ ಮಾಡ್ಕೊಂಡು ಹೋಗ್ಲಿ" ಅಂದರು.

"ಬೇಡ. ಹೋಗ್ಲಿ ಅವ್ನು" ಅಂದ ಅಣ್ಣ.

ಹೊರಟೆ. ಶ್ವೇತಾಳಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿ, ಶಾಲು ಬೇಡ ಅಂದೆ. ಅವಳು ಒತ್ತಾಯ ಮಾಡಲಿಲ್ಲ.

ಮರುದಿನ ಮೈದಾನ ತುಂಬಿತ್ತು. ನಾನು ಚಪ್ಪರದ ಹಿಂದೆ ನೀರಿನ ಬಕೆಟ್ಟು ತುಂಬಿಸುತ್ತಿದ್ದೆ. ಹೊತ್ತು ಸ್ವಲ್ಪ ಏರಿದ ಮೇಲೆ ಗೇಟಿನಲ್ಲಿ ಅಣ್ಣ ಕಂಡ. ಒಬ್ಬನೇ ಬಂದಿದ್ದ. ಒಗೆದ ಬಿಳಿ ಅಂಗಿ. ನನ್ನ ಕಡೆ ನೋಡಲಿಲ್ಲ. ನಾಯಿಗಳ ಸಾಲಿನ ಮುಂದೆ ಕುಂಟುತ್ತಾ ನಿಧಾನ ನಡೆದ, ಪ್ರತಿಯೊಂದರ ಮುಂದೆಯೂ ನಿಂತು ನೋಡಿದ. ಮಾಸ್ತಿಯಿಂದ ಬಂದಿದ್ದ ಒಂದು ಪ್ರಾಯದ ಗಂಡು ನಾಯಿ ಹಗ್ಗ ಜಗ್ಗಿ, ಯಜಮಾನನನ್ನು ಎಳೆದಾಡಿ, ಪಕ್ಕದ ನಾಯಿಗಳ ಮೇಲೆಲ್ಲ ಹಾರುತ್ತಿತ್ತು. ಯಜಮಾನ ಬೆವತು ಹೋಗಿದ್ದ.

"ಕೊಡಪ್ಪ ಇಲ್ಲಿ" ಎಂದು ಅಣ್ಣ ಕೈ ಚಾಚಿದ.

ನಾಯಿ ಅವನನ್ನೂ ಎಳೆಯಿತು. ಅವನು ಎಳೆಯಲಿಲ್ಲ, ಗದರಲೂ ಇಲ್ಲ. ನಿಂತುಕೊಂಡ. ನಾಯಿ ತಿರುಗಿ ಅವನ ಮುಖ ನೋಡುವವರೆಗೆ ಹಾಗೇ ನಿಂತ. ನೋಡಿದ್ದೇ ನಡೆದ. ಎಳೆದಾಗ ಮತ್ತೆ ನಿಂತ. ಮೈದಾನ ಒಂದು ಸುತ್ತು ಬರುವಷ್ಟರಲ್ಲಿ ನಾಯಿ ಅವನ ಕುಂಟು ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿ, ಕತ್ತೆತ್ತಿ ಅವನನ್ನೇ ನೋಡುತ್ತಾ ಪಕ್ಕದಲ್ಲಿ ನಡೆಯುತ್ತಿತ್ತು. ಜನ ಮೊಬೈಲು ಎತ್ತಿ ಹಿಡಿದಿದ್ದರು. ಅಣ್ಣನಿಗೆ ಅದರ ಪರಿವೆಯೇ ಇರಲಿಲ್ಲ. ಅವನ ತುಟಿ ಅಲ್ಲಾಡುತ್ತಿತ್ತು, ನಾಯಿಗೆ ಏನೋ ಹೇಳುತ್ತಿದ್ದ.

ಹೋಗುವಾಗ ಶ್ವೇತಾಳಿಗೆ, "ಮಂಗಳವಾರ, ಶುಕ್ರವಾರ ಬರ್ತೀನಮ್ಮ. ಹೊಸಬರಿಗೆ ಹೇಳ್ಕೊಡ್ತೀನಿ" ಅಂದ. ಆಮೇಲೆ ಬಕೆಟ್ಟಿನ ಪಕ್ಕ ನಿಂತಿದ್ದ ನನ್ನ ಬಳಿ ಬಂದ. "ನಾನ್ ಬರೋ ದಿನ ನೀನ್ ಇಲ್ಲಿ ಕಾಣ್ಬಾರ್ದು" ಅಂದು ಬಸ್ಸಿಗೆ ಹೊರಟ.

ಆ ಎರಡು ದಿನ ನಾನು ಮೈದಾನದ ಕಡೆ ಹೋಗುವುದಿಲ್ಲ. ಮನೆಯಲ್ಲಿ ಕೂತು ಇದನ್ನು ಬರೆದೆ. ಕೊನೆಯ ಹಾಳೆ ಮುಗಿಯಿತೇ ಎಂದು ಕೇಳಲು ನಿನ್ನೆ ಶ್ವೇತಾ ಬಂದಿದ್ದಳು. ಅಣ್ಣ ಹೇಗೆ ಕಲಿಸುತ್ತಾನೆ ಎಂದು ಕೇಳಿದೆ. ಕಳ್ಳನ ವೇಷಕ್ಕೆ ಬಂದವರನ್ನೆಲ್ಲ ಅವನು ನಾಯಿ ತೋರಿಸುವ ಮುಂಚೆ ಸಾಲಾಗಿ ಕೂರಿಸಿಕೊಳ್ಳುತ್ತಾನಂತೆ. ಮೊದಲ ದಿನ ಅವರಿಗೆ ಹೇಳುವುದು ಒಂದೇ ಮಾತಂತೆ:

"ಹೆದ್ರಿಕೆ ಆದ್ರೆ ಬಂದು ನಂಗೆ ಹೇಳ್ರಪ್ಪ. ನಾನ್ ಬೈಯಲ್ಲ."